ನಲವತ್ತೊಂದನೇ ಮಗು

"ಇನ್ನೂ ಮೂವತ್ತು ಕುರ್ಚಿ ಕಳಿಸಿ," ಎಂದು ಮಗಳು ಫೋನಿನಲ್ಲಿ ಕೂಗುತ್ತಿರುವಾಗಲೇ ಐದನೇ ಕುಟುಂಬ ಮೆಟ್ಟಿಲು ಹತ್ತಿ ಬಂತು. ಅಪ್ಪ, ಅಮ್ಮ, ಮೀಸೆ ಬಂದ ಮಗ. ಮೂವರೂ ಒಬ್ಬೊಬ್ಬರಾಗಿ ಇವಳ ಕೈ ಹಿಡಿದರು, ಒಳಗೆ ಮಲಗಿಸಿದ್ದ ಅಮ್ಮನ ಮುಖ ನೋಡಿದರು, ಆಮೇಲೆ ತಮ್ಮ ಮನೆಯವರೇ ಹೋದಂತೆ ಅಳತೊಡಗಿದರು.

"ಯಾರೇ ಇವರೆಲ್ಲ?" ಚಿಕ್ಕಮ್ಮ ಸೊಂಟಕ್ಕೆ ತಿವಿದಳು.

"ನನಗೇನು ಗೊತ್ತು ಚಿಕ್ಕಮ್ಮ."

"ನಿಮ್ಮಮ್ಮನ ಕಡೆಯೋರಾ?"

"ಅಮ್ಮನ ಕಡೆಯೋರು ಅಂದ್ರೆ ನೀನೇ ಅಲ್ವಾ?"

ಚಿಕ್ಕಮ್ಮನಿಗೆ ತಾನು ತನ್ನ ಕಡೆಯವಳು ಹೌದೋ ಅಲ್ಲವೋ ಎಂಬ ಅನುಮಾನ ಬಂತು.

ಹನ್ನೊಂದು ಗಂಟೆಯಷ್ಟೊತ್ತಿಗೆ ವರಾಂಡ ತುಂಬಿ, ಮೆಟ್ಟಿಲು ತುಂಬಿ, ಕೆಳಗಿನ ಸ್ಕೂಟರ್ ನಿಲ್ಲಿಸುವ ಜಾಗವೂ ತುಂಬಿತು. ಮಗಳಿಗೆ ಅಷ್ಟರಲ್ಲಿ ಇವರೆಲ್ಲ ಯಾರೆಂದು ಹೊಳೆದಿತ್ತು. ಅಮ್ಮನ ಫಾರಂ ಕುಟುಂಬಗಳು!

ಅಮ್ಮ ಕೆಲಸ ಮಾಡುತ್ತಿದ್ದದ್ದು ಮಕ್ಕಳು ಹೇಗೆ ಬೆಳೆಯುತ್ತಾರೆ ಎಂದು ಸಂಶೋಧನೆ ಮಾಡುವ ಸಂಸ್ಥೆಯಲ್ಲಿ. ಮಗು ಮೊದಲು ಯಾವಾಗ ನಗುತ್ತೆ, ಯಾವಾಗ ಬೆರಳು ತೋರಿಸುತ್ತೆ, ಮೊದಲನೇ ಸುಳ್ಳು ಯಾವಾಗ ಹೇಳುತ್ತೆ ಎಂದೆಲ್ಲ ಬರೆದುಕೊಳ್ಳಲು ಅಲ್ಲಿ ದೊಡ್ಡ ದೊಡ್ಡ ಓದಿದವರಿದ್ದರು. ಇಲ್ಲದೇ ಇದ್ದದ್ದು ಮಕ್ಕಳು. ಕೂಸುಗಳು ತಾವಾಗಿಯೇ ರಿಕ್ಷಾ ಹತ್ತಿ ಬರುವುದಿಲ್ಲವಲ್ಲ. ಅವುಗಳನ್ನು ಕರೆತರಲು ಅಪ್ಪ ಅಮ್ಮಂದಿರನ್ನು ಒಪ್ಪಿಸುವುದೇ ಅಮ್ಮನ ಕೆಲಸ. ಹೆರಿಗೆ ವಾರ್ಡಿನ ಬಾಗಿಲಲ್ಲಿ, ಲಸಿಕೆಯ ಸಾಲಿನಲ್ಲಿ, ಪಾರ್ಕಿನ ಜಾರುಬಂಡೆ ಪಕ್ಕದಲ್ಲಿ, ಹೆಗಲಿಗೊಂದು ಚೀಲ, ಚೀಲದ ತುಂಬ ಫಾರಂ. ಜನ ಅವಳಿಗೆ ಇಟ್ಟ ಹೆಸರೇ ಫಾರಂ ಅಕ್ಕ. "ಹೆರೋದು ಒಂಬತ್ತು ತಿಂಗಳು ಕಣೆ, ಹೆತ್ತೋರನ್ನ ಒಪ್ಪಿಸೋದು ಹನ್ನೊಂದು," ಎಂದು ಸಂಜೆ ಕಾಲು ಒತ್ತಿಕೊಳ್ಳುತ್ತ ಹೇಳುತ್ತಿದ್ದಳು.

ಸಂಸ್ಥೆ ಒಂದೊಂದು ಕುಟುಂಬವನ್ನು ಒಂದೊಂದು ದಿನ ಕರೆಯುತ್ತಿದ್ದರಿಂದ ಇವರು ಯಾರೂ ಒಬ್ಬರ ಮುಖ ಒಬ್ಬರು ನೋಡಿದವರಲ್ಲ. ಇವತ್ತೇ ಮೊದಲು. ಅದೇ ಎಡವಟ್ಟಾಯಿತು.

"ನಿಮ್ಮ ಮಗು ಬರದಿದ್ರೆ ನಮ್ಮ ಅಧ್ಯಯನವೇ ನಿಂತು ಹೋಗುತ್ತೆ ಅಂದಿದ್ರು ನಮಗೆ," ಬಸ್ ಕಂಡಕ್ಟರೊಬ್ಬ ಕಣ್ಣೊರೆಸಿಕೊಂಡ.

"ನಮಗೂ ಹಾಗೇ ಅಂದಿದ್ರಲ್ಲ!" ಪಕ್ಕದಲ್ಲಿದ್ದ ನರ್ಸು ಮೂಗು ಸೀಟುವುದನ್ನು ಅರ್ಧಕ್ಕೇ ನಿಲ್ಲಿಸಿದಳು.

"ನಿಮಗೂನಾ? ಒಂದು ಅಧ್ಯಯನ ಎಷ್ಟು ಸಲ ನಿಲ್ಲುತ್ತೆ ರೀ?"

"ನಮ್ಮ ಹುಡುಗಿ ಕಣ್ಣಲ್ಲಿ ಏನೋ ಇದೆ ಅಂತಲೂ ಹೇಳಿದ್ರು."

"ನಮ್ಮವನ ಕಣ್ಣಲ್ಲೂ ಇತ್ತು. ಆಮೇಲೆ ನೋಡಿದ್ರೆ ಕಸ."

ಯಾರೋ ನಕ್ಕರು. ಸಾವಿನ ಮನೆ ಅಂತ ನೆನಪಾಗಿ ನಗುವನ್ನು ಕೆಮ್ಮು ಮಾಡಿದರು. ಕುರ್ಚಿಯಿಂದ ಕುರ್ಚಿಗೆ ವಿಚಾರಣೆ ಶುರುವಾಯಿತು. ಮೆಟ್ಟಿಲ ಮೇಲಿದ್ದವರಿಗೂ ಅಮ್ಮ ಅದನ್ನೇ ಹೇಳಿದ್ದಳು. ಕೆಳಗಿದ್ದವರಿಗೂ. ಜಗತ್ತಿನಲ್ಲಿ ಇನ್ನೊಂದಿಲ್ಲ ಎನ್ನುವಂಥ ಮಕ್ಕಳು ಈ ಒಂದೇ ಕಟ್ಟಡದಲ್ಲಿ ನೂರಕ್ಕೂ ಹೆಚ್ಚು.

ನೀರಿನ ಲೋಟಗಳ ತಟ್ಟೆ ಹಿಡಿದು ನಿಂತಿದ್ದ ಮಗಳಿಗೆ ಈ ಜನರ ಮೇಲೆ ಮರುಕ ಪಡಬೇಕೋ ಹೊಟ್ಟೆಕಿಚ್ಚು ಪಡಬೇಕೋ ತಿಳಿಯಲಿಲ್ಲ. ಇವರಿಗೆ ಅಮ್ಮ ಸುಳ್ಳನ್ನಾದರೂ ಹೇಳಿದ್ದಳು. ತನಗೆ ಅದನ್ನೂ ಹೇಳಿರಲಿಲ್ಲ.

*

ಅವಳಿಗೆ ಆಗ ಏಳು ವರ್ಷ. ಸ್ಕೂಲಿಗೆ ರಜೆ, ಮನೆಯಲ್ಲಿ ನೋಡಿಕೊಳ್ಳುವವರಿಲ್ಲ, ಅದಕ್ಕೇ ಅಮ್ಮ ಕೈ ಹಿಡಿದು ಎಳೆದುಕೊಂಡು ಹೊರಟಿದ್ದಳು.

"ಎಲ್ಲಿಗಮ್ಮ?"

"ನಲವತ್ತೊಂದರ ಮನೆಗೆ."

ಅಮ್ಮನಿಗೆ ಮಕ್ಕಳೆಲ್ಲ ನಂಬರುಗಳೇ. ಹನ್ನೆರಡಕ್ಕೆ ಹಲ್ಲು ಬಂತು, ಮೂವತ್ತು ನಡೀತು, ಐವತ್ತಾರಕ್ಕೆ ಜ್ವರ.

"ನಾನು ಎಷ್ಟನೇ ನಂಬರು?"

"ನಿನಗೆ ನಂಬರಿಲ್ಲ. ಕೆಲಸದೋರ ಮಕ್ಕಳನ್ನ ಸೇರಿಸೋ ಹಾಗಿಲ್ಲ, ರೂಲ್ಸು. ಬೇಗ ನಡಿ."

ನಲವತ್ತೊಂದರ ಮನೆ ಒಂದೇ ಕೋಣೆ. ಅವನ ತಾಯಿ ಟೈಲರ್. ಹೊಲಿಗೆ ಮೆಷಿನ್ನಿನ ಕೆಳಗೆ ಒಂದೂವರೆ ವರ್ಷದ ಕೂಸು ಬಟ್ಟೆ ಚೂರುಗಳ ನಡುವೆ ಕೂತಿತ್ತು. ಅಮ್ಮ ಮೊಣಕಾಲ ಮೇಲೆ ಚೀಲ ಇಟ್ಟುಕೊಂಡು, ಬಾಯಿ ತೆರೆದು, ಮುಚ್ಚಿ, ಮತ್ತೆ ತೆರೆದಳು.

"ನೋಡಿ, ಸಂಸ್ಥೆಯಿಂದ ಒಂದು ವಿಷಯ ಹೇಳೋಕೆ ಬಂದೆ."

"ಗೊತ್ತು ಅಕ್ಕ, ಮುಂದಿನ ಸಲದ್ದು ತಾನೇ? ನೋಡಿ, ಅದಕ್ಕೇ ಹೊಲಿದಿದ್ದೀನಿ." ಟೈಲರ್ ಅಂಗೈಯಗಲದ ಬಿಳಿ ಶರ್ಟು ಬಿಡಿಸಿ ಹಿಡಿದಳು. ಪುಟ್ಟ ಕಾಲರು, ಪುಟ್ಟ ಜೇಬು. "ಹೋದ ಮೂರು ಸಲವೂ ಅತ್ತುಬಿಟ್ಟ. ಈ ಸಲ ಅಳಲ್ಲ. ಇವನನ್ನ ಯಾರೂ ಏನಕ್ಕೂ ಕರೆದಿರಲಿಲ್ಲ ಅಕ್ಕ, ನೀವೇ ಮೊದಲು." ಆಮೇಲೆ ಅಮ್ಮನ ಮುಖ ನೋಡಿ ಅವಳ ಸ್ವರ ಇಳಿಯಿತು. "ಯಾಕಕ್ಕ, ನಮ್ಮವನು ಏನಾದ್ರೂ ತಪ್ಪು ಮಾಡಿದ್ನಾ?"

ಅಮ್ಮ ಶರ್ಟನ್ನು ನೋಡಿದಳು. ತುಂಬ ಹೊತ್ತು ನೋಡಿದಳು.

"ತಪ್ಪಾ? ಏನೂ ಇಲ್ಲ. ಇನ್ಮೇಲೆ ನೀವು ಅಷ್ಟು ದೂರ ಬರೋದು ಬೇಡ ಅಂತ ಹೇಳೋಕೆ ಬಂದೆ. ತಿಂಗಳ ಮೊದಲನೇ ಶನಿವಾರ ನಾನೇ ಬರ್ತೀನಿ."

ಅವತ್ತಿನಿಂದ ತಿಂಗಳ ಮೊದಲನೇ ಶನಿವಾರ ಮಗಳದ್ದಾಗಿ ಉಳಿಯಲಿಲ್ಲ. ಸ್ಕೂಲಿನ ನಾಟಕ ಬಂತು, ಅಮ್ಮ ನಲವತ್ತೊಂದರ ಮನೆಯಲ್ಲಿ. ಹುಟ್ಟಿದ ಹಬ್ಬ ಎರಡು ಸಲ ಶನಿವಾರವೇ ಬಂತು, ಅಮ್ಮ ನಲವತ್ತೊಂದರ ಮನೆಯಲ್ಲಿ. ಕಾಲೇಜನ್ನು ಅರ್ಧಕ್ಕೇ ಬಿಟ್ಟು ಬಂದ ದಿನ ಬಾಗಿಲಿಗೆ ಬೀಗ. ಸಂಜೆ ಬಂದ ಅಮ್ಮ, "ಬಿಟ್ಟೆಯಾ? ಸರಿ. ಯಾವಾಗ ಬೇಕಾದ್ರೂ ಬಿಡಬಹುದು, ಕಾರಣ ಹೇಳಬೇಕಾಗಿಲ್ಲ," ಎಂದಳು. ಅದು ಫಾರಂನ ಕೊನೆಯ ಸಾಲು. ಸಾವಿರಾರು ಜನರಿಗೆ ಓದಿ ಹೇಳಿ ನಾಲಿಗೆಗೆ ಅಂಟಿಕೊಂಡದ್ದು. ಕಾರಣ ಕೇಳಲಿ ಎಂದೇ ಮಗಳು ಬಾಗಿಲಲ್ಲಿ ಮೂರು ಗಂಟೆ ಕೂತಿದ್ದಳು.

*

ಪ್ರೊಫೆಸರು ಬಂದಾಗ ಹನ್ನೆರಡಾಗಿತ್ತು. ಸಂಸ್ಥೆಯ ಅಧ್ಯಯನ ಶುರು ಮಾಡಿದ್ದು ಅವರೇ. ಈಗ ಕೋಲೂರಿ ನಡೆಯುವ ವಯಸ್ಸು. ಅಮ್ಮನ ಮುಂದೆ ತಲೆ ತಗ್ಗಿಸಿ ನಿಂತು, ಕನ್ನಡಕ ಒರೆಸಿ, ಮಗಳನ್ನು ಪಕ್ಕಕ್ಕೆ ಕರೆದರು.

"ಈ ಹೊತ್ತಲ್ಲಿ ಕೇಳಬಾರದು ಕಣಮ್ಮ. ಆದ್ರೆ ಅವರ ಹತ್ರ ಸಂಸ್ಥೆಯ ಕಾಗದ ಏನಾದ್ರೂ ಇದ್ರೆ ನಾವು ವಾಪಸ್ ತಗೋಬೇಕಾಗುತ್ತೆ."

ಮಗಳು ಅಮ್ಮನ ಕೋಣೆಯ ಕಬ್ಬಿಣದ ಬೀರು ತೆಗೆದಳು. ಸೀರೆಗಳಿರಬೇಕಾದ ಮೂರು ಅರೆಗಳಲ್ಲೂ ಫೈಲು. ಪ್ರೊಫೆಸರು ಒಂದನ್ನು ಬಿಚ್ಚಿದರು, ಇನ್ನೊಂದನ್ನು ಬಿಚ್ಚಿದರು. ಹುಬ್ಬು ಕನ್ನಡಕದಿಂದ ಮೇಲೆ ಹೋಯಿತು.

"ಎಲ್ಲಾ ನಲವತ್ತೊಂದರದ್ದೇ."

"ಹೌದು, ತಿಂಗಳಿಗೊಂದು ಸಲ ಹೋಗ್ತಿದ್ರಲ್ಲ ಸಾರ್."

"ಎಲ್ಲಿಗೆ?"

"ನಲವತ್ತೊಂದರ ಮನೆಗೆ. ನೀವೇ ಕಳಿಸ್ತಿದ್ರಿ."

"ನಾವಾ?" ಪ್ರೊಫೆಸರು ಮಂಚದ ಮೇಲೆ ಕೂತರು. "ನಲವತ್ತೊಂದನ್ನ ಒಂದೂವರೆ ವರ್ಷಕ್ಕೇ ಪಟ್ಟಿಯಿಂದ ತೆಗೆದ್ವಲ್ಲಮ್ಮ. ಮೂರು ಸಲ ಮಾಹಿತಿ ಸಿಗದಿದ್ರೆ ತೆಗೀಬೇಕು, ಅದು ನಿಯಮ. ಆ ತಾಯಿಗೆ ಹೇಳಿ ಬನ್ನಿ ಅಂತ ನಿಮ್ಮಮ್ಮನ್ನೇ ಕಳಿಸಿದ್ದೆ." ಹಾಳೆಗಳನ್ನು ತಿರುವಿದರು. "ಈ ಫಾರಮ್ಮೂ ನಮ್ಮದಲ್ಲ. ಪ್ರಶ್ನೆ ಎಲ್ಲ ಅವರೇ ಕೈಯಲ್ಲಿ ಬರೆದಿದ್ದಾರೆ. ಇಪ್ಪತ್ತನಾಲ್ಕು ವರ್ಷ... ಯಾರಿಗೆ?"

ಮಗಳು ಕೆಲಸ ಅಂತಾದರೂ ಅಂದುಕೊಂಡು ಕ್ಷಮಿಸಿದ್ದ ಅಷ್ಟೂ ಶನಿವಾರಗಳು ಯಾರೂ ಹೇಳದ ಕೆಲಸಕ್ಕೆ ಹೋಗಿದ್ದವು. ಅಮ್ಮ ದೊಡ್ಡವಳೋ, ಹುಚ್ಚಿಯೋ, ಕಳ್ಳಿಯೋ ಒಂದೂ ಗೊತ್ತಾಗದೆ ಬೀರುವಿನ ಬಾಗಿಲು ಹಿಡಿದುಕೊಂಡಳು.

ಆಗಲೇ ಹಿಂದಿನಿಂದ ದನಿ ಬಂತು. "ಸಾರ್, ನೀವೇ ಅಲ್ವಾ ಪ್ರೊಫೆಸರು?"

ಟೈಲರ್. ಕೂದಲು ಅರ್ಧ ಬೆಳ್ಳಗಾಗಿತ್ತು. ಅವಳ ಬೆನ್ನ ಹಿಂದೆ ಇಪ್ಪತ್ತಾರರ ಗಂಡಸು, ಇಸ್ತ್ರಿ ಮಾಡಿದ ಬಿಳಿ ಶರ್ಟು, ಕೊರಳ ಗುಂಡಿಯವರೆಗೂ ಹಾಕಿದ್ದ. ಯಾರ ಮುಖವನ್ನೂ ನೋಡದೆ ಬಾಗಿಲ ಚಿಲಕ ನೋಡುತ್ತಿದ್ದ.

"ಅಕ್ಕ ಯಾವಾಗ ಕೇಳಿದ್ರೂ, ಇನ್ನೂ ನಡೀತಿದೆ, ಕೊನೇಲಿ ಹೇಳ್ತಾರೆ ಅಂತಿದ್ರು. ಈಗ ಅಕ್ಕನೇ ಇಲ್ಲ." ಟೈಲರ್ ಸೆರಗಿನ ಅಂಚು ಬೆರಳಿಗೆ ಸುತ್ತಿಕೊಂಡಳು. "ನಮ್ಮವನದು ಏನಾಯ್ತು ಸಾರ್? ಅವನಿಂದ ಏನಾದ್ರೂ ಉಪಯೋಗ ಆಯ್ತಾ?"

ಪ್ರೊಫೆಸರು ಜೀವಮಾನದಲ್ಲಿ ಅಂಕಿಯಿಲ್ಲದ ವಾಕ್ಯ ಆಡಿದವರಲ್ಲ. ಬಾಯಿ ತೆರೆದರು. "ನಲವತ್ತೊಂದು ಅಂದ್ರೆ, ಅದು..."

"ಇನ್ನೂ ಮುಗಿದಿಲ್ಲ," ಎಂದಳು ಮಗಳು.

ಹೇಳಿದ್ದು ತಾನೇ ಎಂದು ಗೊತ್ತಾಗಲು ಅವಳಿಗೆ ಒಂದು ಕ್ಷಣ ಬೇಕಾಯಿತು. ಪ್ರೊಫೆಸರು ಅವಳನ್ನು ನೋಡಿದರು, ಮಡಿಲಲ್ಲಿದ್ದ ಫೈಲು ನೋಡಿದರು, ಶರ್ಟಿನ ಗುಂಡಿ ನೋಡಿದರು.

"ಹೌದಮ್ಮ," ಎಂದರು ನಿಧಾನಕ್ಕೆ. "ಬಹಳ ಅಪರೂಪದ ಮಾಹಿತಿ. ಇಡೀ ಸಂಸ್ಥೆಯಲ್ಲಿ ಇಂಥದ್ದು ಇನ್ನೊಂದಿಲ್ಲ." ಅದು ಅಪ್ಪಟ ನಿಜವೇ ಆಗಿತ್ತು.

ಟೈಲರ್ ಮಗನ ತೋಳು ಹಿಡಿದು ಅಲುಗಿಸಿದಳು. "ಕೇಳಿದ್ಯೇನೋ?" ಆಮೇಲೆ ಅಮ್ಮನ ಹತ್ತಿರ ಹೋಗಿ ಕೂತು ಜೋರಾಗಿ ಅತ್ತಳು. ಪ್ರೊಫೆಸರು ಫೈಲನ್ನು ವಾಪಸ್ಸು ಅರೆಯಲ್ಲಿಟ್ಟು, ಬರಿಗೈಯಲ್ಲಿ ಹೊರಗೆ ನಡೆದರು.

ಬೀರುವಿನ ಮುಂದೆ ಉಳಿದದ್ದು ಇಬ್ಬರೇ. ನಲವತ್ತೊಂದು ಗೋಡೆಯ ಕ್ಯಾಲೆಂಡರಿನ ಮುಂದೆ ಹೋಗಿ ನಿಂತ.

"ಇವತ್ತು ಶನಿವಾರ," ಎಂದ. "ಮೊದಲನೇದು."

"ಹೌದು. ಆದ್ರೆ ಇವತ್ತು ಬೇಡಪ್ಪ. ಮುಂದಿನ ತಿಂಗಳು ನಾನು..."

ಅವನು ಕೇಳಿಸಿಕೊಳ್ಳಲಿಲ್ಲ. ಮೇಜಿನ ಎರಡೂ ಕಡೆ ಒಂದೊಂದು ಕುರ್ಚಿ ಎಳೆದ. ಒಂದರಲ್ಲಿ ಅವಳನ್ನು ಕೂರಿಸಿದ. ಫೈಲಿನ ಕೊನೆಯಲ್ಲಿದ್ದ ಖಾಲಿ ಫಾರಂ ಹುಡುಕಿ ತೆಗೆದು, ಇನ್ನೊಂದರಲ್ಲಿ ತಾನು ಕೂತು, ಜೇಬಿನ ಪೆನ್ಸಿಲ್ ಕೈಗೆ ತಗೊಂಡ. ಫಾರಂ ಮೇಲೆ ಕಣ್ಣು ಹಾಯಿಸದೆ, ಬಾಯಿಪಾಠವಾಗಿದ್ದದ್ದನ್ನು, ಅಮ್ಮನದೇ ರಾಗದಲ್ಲಿ ಕೇಳಿದ.

"ಈ ತಿಂಗಳು ಯಾರಾದ್ರೂ ನಿನ್ನ ಮೇಲೆ ರೇಗಿದ್ರಾ?"

"ಇಲ್ಲ."

ಬರೆದುಕೊಂಡ.

"ಏನಕ್ಕಾದ್ರೂ ಅಳು ಬಂತಾ?"

ಅವಳು ಬೀರುವಿನ ಕಡೆ ತಿರುಗಿದಳು. ಅವನು ಅವಸರ ಮಾಡಲಿಲ್ಲ. ಚಿಕ್ಕಮ್ಮ ಬಾಗಿಲಿಗೆ ಬಂದು, "ವ್ಯಾನ್ ಬಂದಿದೆ ಕಣೆ, ಎಲ್ಲರೂ ಕಾಯ್ತಿದ್ದಾರೆ," ಅಂದಳು. ಅವನು ಎಡಗೈ ಎತ್ತಿ ಚಿಕ್ಕಮ್ಮನನ್ನು ಅಲ್ಲೇ ತಡೆದ. ಪೆನ್ಸಿಲ್ಲಿನ ಮೊನೆ ಖಾಲಿ ಗೆರೆಯ ಮೇಲೆ ಇಟ್ಟುಕೊಂಡು, ಮಗಳ ಮುಖವನ್ನೇ ನೋಡುತ್ತ ಕೂತ.