ಜಬೀನ್ ಟೀಚರ್ ಆರಿಸಿಕೊಂಡ ಪದ

ಜಬೀನ್ ಸೇಡಂನ ಇಂಗ್ಲಿಷ್ ಮಾಧ್ಯಮದ ಶಾಲೆಗೆ ಗಣಿತದ ಟೀಚರಾಗಿ ಬಂದು ಎರಡು ತಿಂಗಳಾಗಿತ್ತು. ಒಂದು ಮಧ್ಯಾಹ್ನ ಸ್ಟಾಫ್ ರೂಮಿನ ಬಾಗಿಲಿಗೆ ಬರುವಾಗ ಒಳಗಿನ ಮಾತು ಕಿವಿಗೆ ಬಿತ್ತು. "ಆ ಜಬೀನ್ ಭಾಳ ರೆಟಿಸೆಂಟ್ ಅದಾಳ ನೋಡ್ರಿ," ಎನ್ನುತ್ತಿದ್ದರು ಇಂಗ್ಲಿಷ್ ಕಲಿಸುವ ಪದ್ಮಜಾ ಮೇಡಂ. ಬೈದರೋ ಹೊಗಳಿದರೋ ತಿಳಿಯದೆ ಜಬೀನ್ ಮೂಲೆಯ ಕುರ್ಚಿಯಲ್ಲಿ ಎಂದಿನಂತೆ ಒಬ್ಬಳೇ ಕುಳಿತು ಡಬ್ಬಿ ಬಿಚ್ಚಿದಳು.

ಬಾಡಿಗೆ ಕೋಣೆಗೆ ಬಂದವಳೇ ಮೊಬೈಲಿನಲ್ಲಿ ಹುಡುಕಿದಳು. ಮನಸ್ಸಿನದನ್ನು ಹೊರಗೆ ಬಿಡದವರು, ಮಿತಭಾಷಿ ಎಂದಿತ್ತು. ಅವಳಿಗೆ ನಗು ಬಂತು, ಬೆನ್ನಿಗೇ ಅಳುವೂ ಬಂತು. ಮಿತಭಾಷಿಯಂತೆ, ಇವಳು. ಶಹಾಬಾದಿನಲ್ಲಿ ಮನೆಗೆ ಅಂಟಿಕೊಂಡೇ ಅಪ್ಪನ ಕಲ್ಲು ಪಾಲಿಶ್ ಮಾಡುವ ಅಂಗಳ. "ಮಷಿನ್ ನಿಂತ್ರೂ ಈಕಿ ಬಾಯಿ ನಿಂದ್ರಂಗಿಲ್ಲ," ಎಂದು ಬಂದವರೆದುರೆಲ್ಲ ಅವನು ತಲೆ ಚಚ್ಚಿಕೊಳ್ಳುತ್ತಿದ್ದ. ಅಂಥವಳ ಬಾಯಿ ಇಲ್ಲಿ ಕಟ್ಟಿಹೋಗಿತ್ತು. ಸ್ಟಾಫ್ ರೂಮಿನವರು ಕೆಟ್ಟವರೇನಲ್ಲ. ಊಟಕ್ಕೆ ಕರೆಯಲು ಯಾರಿಗೂ ನೆನಪಾಗಲಿಲ್ಲ, ಅಷ್ಟೇ.

ಪ್ರಾರ್ಥನೆಯ ಹೊತ್ತಿಗೆ ದಿನಕ್ಕೊಬ್ಬ ಟೀಚರು ಒಂದು ಕಠಿಣ ಇಂಗ್ಲಿಷ್ ಪದ ಉಚ್ಚರಿಸಿ ಅರ್ಥ ಬಿಡಿಸಿ ಹೇಳುವುದು ಆ ಶಾಲೆಯ ಪದ್ಧತಿ. ತನ್ನ ಸರದಿಗೆ ಜಬೀನ್ ಅದೇ ಪದವನ್ನು ಆರಿಸಿಕೊಂಡಳು. ತಾನು ಹಾಗಲ್ಲವೆಂದು ಕೇಳಿದವರಿಗೆ ತಿಳಿಯಲಿ, ಒಬ್ಬರಾದರೂ ಪಕ್ಕಕ್ಕೆ ಬಂದು ಕೂರಲಿ ಎಂಬುದು ಅವಳ ಆಸೆ. ಮೊಬೈಲು 'ರೆ' ಮೇಲೆ ಒತ್ತು ಕೊಟ್ಟು ಹೇಳಿತು, ಇವಳೂ ಕೊಟ್ಟಳು. ಗೋಡೆಗೆ ಮುಖ ಮಾಡಿ ಹೇಳಿ ಹೇಳಿ ನಾಲಿಗೆ ಪಳಗಿಸಿದಳು. ಆ ವಾರ ಕೋಣೆಯಲ್ಲಿ ಅವಳು ಗಟ್ಟಿಯಾಗಿ ಆಡಿದ ಮಾತು ಅದೊಂದೇ.

ಪ್ರಾರ್ಥನೆಯಲ್ಲಿ ಪದ ಎಲ್ಲೂ ತಡವರಿಸದೆ ಬಂತು. ಅರ್ಥವನ್ನು ಮಾತ್ರ ಚಿಕ್ಕ ಮಕ್ಕಳಿಗೂ ತಿಳಿಯಲೆಂದು ಕನ್ನಡದಲ್ಲೇ ಹೇಳಿದಳು. "ರೆಟಿಸೆಂಟ್ ಅಂದ್ರ ಮಾತು ಬರದವರಲ್ಲ. ಅವರ ಹೊಟ್ಟಿ ತುಂಬ ಮಾತಿರ್ತಾವ. ಕೇಳವರು ಒಬ್ಬರು ಬಂದು ನಿಂತ್ರ ಸಾಕು, ಎಲ್ಲಾ ಹೇಳಿಬಿಡ್ತಾರ." ಮಕ್ಕಳು ಚಪ್ಪಾಳೆ ತಟ್ಟಿದರು.

ಊಟದ ಹೊತ್ತಿಗೆ ಪದ್ಮಜಾ ಮೇಡಂ ಡಬ್ಬಿ ಹಿಡಿದುಕೊಂಡೇ ಮೂಲೆಗೆ ಬಂದರು. "ಉಚ್ಚಾರ ಭಾಳ ಚಲೋ ಇತ್ತು. ಅರ್ಥಾನೂ ಚಂದ ಹೇಳಿದ್ರಿ. ಎಲ್ಲಿ ಕಲತ್ರಿ?"

ಪಕ್ಕದ ಕುರ್ಚಿ ಖಾಲಿಯಿತ್ತು. ಕುಂದ್ರಿ ಮೇಡಂ ಎನ್ನಬೇಕು, ಗೋಡೆಯ ಜೊತೆ ಮಾತಾಡಿದ್ದನ್ನು ಹೇಳಿ ನಗಿಸಬೇಕು ಎಂದು ಜಬೀನಳ ಜೀವ ಬಡಿದುಕೊಂಡಿತು.

"ಮೊಬೈಲ್‌ನ್ಯಾಗ್ರಿ," ಎಂದು ತಲೆ ತಗ್ಗಿಸಿದಳು.

ಮೇಡಂ ಸ್ವಲ್ಪ ಹೊತ್ತು ನಿಂತರು. ಆಮೇಲೆ ಉಳಿದವರ ಮೇಜಿಗೆ ಹೋಗಿ ಕುಳಿತರು.

ಬೆಳಿಗ್ಗೆ ಮಕ್ಕಳಿಗೆ ಅರ್ಥ ತಪ್ಪಾಗಿ ಹೇಳಿದೆನೆಂದು ಜಬೀನಳಿಗೆ ಆಗ ತಿಳಿಯಿತು. ಕೇಳುವವರು ಬಂದು ಎದುರಿಗೇ ನಿಂತಿದ್ದರು.