ಕೊಳದ ತಳದ ಚಾಂಪಿಯನ್

ಅತ್ತೆ ಊದಿದ ಬಲಗಾಲನ್ನು ಸ್ಟೂಲಿನ ಮೇಲೆ ಚಾಚಿ, ಅಂಗೈಯಗಲದ ಕಪ್ಪು ಯಂತ್ರವನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದು ಅದರ ಪರದೆಯಲ್ಲಿ ಗಾಲ್ಫ್ ಆಡುತ್ತಿದ್ದಳು. ಬಾಗಿಲು ದೂಡಿಕೊಂಡು ಬಂದ ಸೊಸೆ ಚಪ್ಪಲಿಯನ್ನೂ ಬಿಡಲಿಲ್ಲ.

"ಅತ್ತೆ, ಅದನ್ನ ಕೆಳಗಿಡಿ. ಅದು ಕ್ಲಬ್ಬಿನ ಕಾರ್ಯದರ್ಶೀದಂತೆ."

"ತಡಿಯೇ, ಚೆಂಡು ಗಾಳೀಲಿದೆ."

ಚೆಂಡು ನೀರಿಗೆ ಬಿತ್ತು. ಅತ್ತೆಯ ಚೆಂಡು ಬೀಳುತ್ತಿದ್ದದ್ದೇ ನೀರಿಗೆ. ಆ ಆಟದಲ್ಲಿ ಬರೀ ಹೊಡೆದರೆ ಸಾಲದು. ಒಬ್ಬ ಆಟಗಾರನನ್ನು ಹುಟ್ಟಿಸಿ ಸಾಕಬೇಕು. ಅವನನ್ನು ಕ್ಲಬ್ಬಿನೊಳಗೆ ಅಡ್ಡಾಡಿಸಿ ಅವರಿವರ ಹತ್ತಿರ ಮಾತಾಡಿಸಬೇಕು, ಗೆದ್ದಾಗ ಸಿಗುವ ಅಂಕಗಳನ್ನು ತೋಳಿಗಿಷ್ಟು, ಗುರಿಗಿಷ್ಟು ಎಂದು ಹಂಚಬೇಕು. ಆಗ ಅವನ ಲೆವೆಲ್ ಏರುತ್ತದೆ. ಅತ್ತೆ ಎಲ್ಲವನ್ನೂ ತೋಳಿಗೇ ಸುರಿದಿದ್ದಳು. ಮಂಡಿ ಕೈಕೊಡುವ ತನಕ ಊರಿನ ನಿಜವಾದ ಗಾಲ್ಫ್ ಕ್ಲಬ್ಬಿನ ಹುಲ್ಲಿನಲ್ಲಿ ಕುಕ್ಕರುಗಾಲಲ್ಲಿ ಕೂತು ಕಳೆ ಕಿತ್ತವಳು. ಒಂದು ದಿನವೂ ಗಾಲ್ಫಿನ ಕೋಲು ಮುಟ್ಟಿದವಳಲ್ಲ. ಮುಟ್ಟಿದರೆ ಆ ದಿನವೇ ಗೇಟಿನಾಚೆ. "ಗುರಿ ಇಟ್ಕೊಂಡು ನಾನೇನು ಮಾಡ್ಲಿ? ಒಂದ್ಸಲ ಜೋರಾಗಿ ಹೊಡೀಬೇಕು, ಅಷ್ಟೆ" ಅನ್ನುತ್ತಿದ್ದಳು.

ಪರದೆಯೊಳಗಿನ ಕ್ಲಬ್ಬಿನಲ್ಲಿ ಕಳೆ ಕೀಳುವವರೇ ಇರಲಿಲ್ಲ. ಹುಲ್ಲು ತಾನೇ ತಾನಾಗಿ ಒಪ್ಪವಾಗಿತ್ತು. ಚೆಂಡು ನೀರಿಗೆ ಬಿದ್ದರೆ ಒಂದು ಅಂಕ ಕಳೆದು ಹೊಸ ಚೆಂಡು ಬಂದು ಕೂರುತ್ತಿತ್ತು. ಬಿದ್ದದ್ದನ್ನು ಯಾರು ಎತ್ತಿದರು ಎಂದು ಯಾರೂ ಕೇಳುವಂತಿರಲಿಲ್ಲ. ಹೊರಗಿನ ಕ್ಲಬ್ಬಿನಲ್ಲಿ ಎತ್ತುತ್ತಿದ್ದವನು ಅತ್ತೆಯ ಮಗ. ಎಲ್ಲರ ಬಾಯಲ್ಲೂ ಅವನ ಹೆಸರು ಮೀನು. ಅವನು ಕಣ್ಣು ಮುಚ್ಚಿ ಕೊಳದ ಕೆಸರಿನಲ್ಲಿ ಕೈಯಾಡಿಸಿ ಚೆಂಡು ಹೆಕ್ಕಬೇಕು. ಅವನ ಸೊಂಟದ ಹಗ್ಗವನ್ನು ದಡದಲ್ಲಿ ಹೆಂಡತಿ, ಅಂದರೆ ಈ ಸೊಸೆ, ಹಿಡಿದಿರಬೇಕು. ಗಂಡ ಹೆಂಡತಿ ಇಬ್ಬರಿಗೂ ಸೇರಿ ಒಂದೇ ಗೇಟ್ ಪಾಸು.

ಕಳೆದ ವಾರ ಚೆಂಡುಗಳ ನಡುವೆ ಈ ಯಂತ್ರವೂ ಅವನ ಕೈಗೆ ಸಿಕ್ಕಿತ್ತು. ಯಾರೋ ಬಿಸಾಡಿದ ಕಸ ಎಂದುಕೊಂಡು ತಂದ. ಅಕ್ಕಿ ಡಬ್ಬಿಯಲ್ಲಿ ಹೂತಿಟ್ಟರು, ಒಣಗಿತು, ಬೆಳಕೂ ಬಂತು. ಮೊದಲು ಕಂಡದ್ದು ಕೆಂಪು ಟೋಪಿಯ ಆಟಗಾರ, ಹೆಸರು ಚಾಂಪಿಯನ್, ಲೆವೆಲ್ ಎಂಬತ್ತೆಂಟು. ಹೊಸ ಆಟಗಾರ ಬೇಕಾದರೆ ಇವನನ್ನು ಅಳಿಸಲೇ ಎಂದು ಯಂತ್ರ ಕೇಳಿತು. ಸೊಸೆ ಓದಿ ಹೇಳಿದಳು. ಅತ್ತೆ ಒಂದು ಕ್ಷಣವೂ ಯೋಚಿಸಲಿಲ್ಲ: "ಹಳೇದನ್ನ ಕಿತ್ತು ಹೊಸದು ನೆಡೋದು. ಜೀವಮಾನ ಮಾಡಿದ್ದೇ ಅದನ್ನ." ಗುಂಡಿ ಒತ್ತಿದಳು. ಚಾಂಪಿಯನ್ ಬೇರುಸಮೇತ ಹೋದ.

ಈಗ ಗೇಟಿನಲ್ಲಿ ನೋಟೀಸು ಅಂಟಿಸಿದ್ದರು. ಕಾರ್ಯದರ್ಶಿಗಳ ದೂರದ ಅಳತೆಯ ಉಪಕರಣ ಕೊಳದ ಬಳಿ ಕಾಣೆಯಾಗಿದೆ. ಕಪ್ಪು ಬಣ್ಣ, ಅಂಗೈಯಗಲ. ನಾಳೆ ಸಂಜೆಯೊಳಗೆ ಸಿಗದಿದ್ದರೆ ಕೊಳದ ಕೆಲಸದವರ ಪಾಸು ರದ್ದು.

"ಅಳತೆಯಂತೆ!" ಅತ್ತೆ ನಕ್ಕಳು. "ಹೊರಗೆ ಚೆಂಡು ಮುಂದಕ್ಕೇ ಹೋಗಲ್ಲ ಆ ಮನುಷ್ಯಂಗೆ. ಇದರೊಳಗೆ ಎಂಬತ್ತೆಂಟು!"

ಸೊಸೆಗೆ ನಗು ಬರಲಿಲ್ಲ. "ಕೊಟ್ಟುಬಿಡೋಣ ಅಂದ್ರೆ, ಗಡಿಯಾರ ಸಿಕ್ತು ಸಾರ್ ಅಂತ ಕೊಟ್ಟನಲ್ಲ, ಕೋಲಿನ ಚೀಲ ಹೊರೋ ಹುಡುಗ, ಅವನ ಕಥೆ ಏನಾಯ್ತು? ಕೊಟ್ಟವನೇ ಕದ್ದವನು ಅಂತ ಠಾಣೆಗೆ ಎಳ್ಕೊಂಡು ಹೋದ್ರು. ಅವನು ಗಡಿಯಾರನಾದ್ರೂ ನೆಟ್ಟಗೆ ಕೊಟ್ಟಿದ್ದ. ನಾವು ಅವರ ಚಾಂಪಿಯನ್ನನ್ನೇ ನುಂಗಿ ಕೂತಿದ್ದೀವಿ."

ಬಾಗಿಲಲ್ಲಿ ನಿಂತು ಕೇಳಿಸಿಕೊಂಡಿದ್ದ ಮೀನು ನಿಧಾನವಾಗಿ ಹೇಳಿದ: "ಸಿಕ್ಕಿದಲ್ಲೇ ಮತ್ತೆ ಸಿಗಲಿ. ಒಳಗೆ ತಗೊಂಡು ಹೋಗ್ತೀನಿ, ಕೆಸರಲ್ಲಿ ಅದ್ದಿ ಎಲ್ಲರೆದುರಿಗೆ ಎತ್ತಿಕೊಡ್ತೀನಿ. ನೀರು ಕುಡಿದು ಸತ್ತಿರುತ್ತೆ. ಒಳಗೆ ಯಾರಿದ್ರು ಅಂತ ಯಾರಿಗೆ ಗೊತ್ತಾಗುತ್ತೆ?"

"ಒಂದ್ಸಲ ನೀರು ಕುಡಿದು ಬದುಕಿರೋದು ಇನ್ನೊಂದ್ಸಲ ಸಾಯುತ್ತೆ ಅಂತ ನಿನಗ್ಯಾರು ಹೇಳಿದ್ರೋ?" ಅಂದಳು ಅತ್ತೆ.

ಆದರೆ ಬೇರೆ ದಾರಿ ಇರಲಿಲ್ಲ.

ಮರುದಿನ ಗೇಟಿನಲ್ಲಿ ಒಳಹೋಗುವವರನ್ನೂ ತಡಕುತ್ತಿದ್ದರು. ಕಳ್ಳ ಮಾಲನ್ನು ಹೊರಗೆ ಸಾಗಿಸುವವರನ್ನು ಲೋಕ ಕಂಡಿದೆ. ಒಳಗೆ ಸಾಗಿಸಲು ಬೆವರುತ್ತಾ ನಿಂತವರು ಇವರಿಬ್ಬರೇ ಇರಬೇಕು. ಯಂತ್ರ ಮೀನುವಿನ ಬಲೆಚೀಲದಲ್ಲಿ, ಕೊಳೆತ ಪಾಚಿಯ ನಡುವೆ ಇತ್ತು. ಅತ್ತೆ ಅದನ್ನು ಬಂದ್ ಮಾಡಿ ಕೊಟ್ಟಳೋ ಇಲ್ಲವೋ ಎಂದು ಹೆಂಡತಿಗೆ ನೆನಪಾದದ್ದು ಸರದಿ ಹತ್ತಿರ ಬಂದಮೇಲೆ. ಮಾಡದಿದ್ದರೆ ಆಟದೊಳಗಿನ ಜನ ಇದ್ದಕ್ಕಿದ್ದಂತೆ ಚಪ್ಪಾಳೆ ಹೊಡೆಯುತ್ತಾರೆ.

"ಚೀಲದಲ್ಲೇನೋ?" ಕಾವಲುಗಾರ ಕೇಳಿದ.

"ನಿಮ್ಮ ಕೊಳದ ಸೊಬಗು. ಕೈ ಹಾಕಿ ನೋಡಣ್ಣ, ಸಂಕೋಚ ಬೇಡ" ಅಂದ ಮೀನು.

"ಥೂ, ಏನು ನಾತ! ನಡಿ ನಡಿ."

ಕೊಳದ ದಡದಲ್ಲಿ ಕಾರ್ಯದರ್ಶಿ ಕುರ್ಚಿ ಹಾಕಿಸಿಕೊಂಡಿದ್ದ. ಸುತ್ತ ಬಿಳಿ ಬೂಟಿನ ಸದಸ್ಯರು. ಮೀನು ನೀರಿಗಿಳಿದ. ಕೆಳಗಿನಿಂದ ಹಗ್ಗ ಒಮ್ಮೆ ಜಗ್ಗಿದರೆ ಇದ್ದೀನಿ ಎಂದು, ಎರಡು ಸಲವಾದರೆ ಎಳಿ ಎಂದು. ಮೇಲಿನಿಂದ ಮೂರು ಸಲ ಜಗ್ಗಿದರೆ ಬಂದುಬಿಡು ಎಂದು. ಗಂಡ ಹೆಂಡಿರ ನಡುವೆ ಆ ಹಗ್ಗದಷ್ಟು ನೆಟ್ಟಗೆ ಮಾತಾಡಿದ್ದು ಬೇರೊಂದಿಲ್ಲ.

ಎರಡು ಸಲ ಜಗ್ಗಿತು. ಎಳೆದಳು. ಮೀನು ಮೇಲೆ ಬಂದ, ಕೆಸರು ಮೆತ್ತಿದ ಯಂತ್ರ ಎತ್ತಿ ಹಿಡಿದ. "ಸಿಕ್ತು ಸಾರ್!"

ಕಾರ್ಯದರ್ಶಿ ಅದನ್ನು ಕರ್ಚೀಫಿನಲ್ಲಿ ಒರೆಸಿ, ಸದಸ್ಯರಿಗೆ ಬೆನ್ನು ಮಾಡಿ, ಗುಂಡಿ ಒತ್ತಿದ. ಅವನ ಗದ್ದದ ಮೇಲೆ ತೆಳು ಹಸಿರು ಬೆಳಕು ಬಿದ್ದದ್ದನ್ನು ಅವಳು ಕಂಡಳು. ಯಂತ್ರ ಸತ್ತಿರಲಿಲ್ಲ. ಅವನ ಹೆಬ್ಬೆರಳು ಒಮ್ಮೆ ಒತ್ತಿತು, ಮತ್ತೆ ಒತ್ತಿತು, ಆಮೇಲೆ ನಿಂತೇಬಿಟ್ಟಿತು. ಅವನು ತಲೆಯೆತ್ತಿ ಮೊದಲು ಮೀನುವನ್ನು, ಆಮೇಲೆ ಅವಳನ್ನು ನೋಡಿದ. ಬೈದಿದ್ದರೆ, ಹೊಡೆದಿದ್ದರೆ ಅವಳು ಅಷ್ಟು ಹೆದರುತ್ತಿರಲಿಲ್ಲ. ಅವನು ಯಂತ್ರವನ್ನು ಜೇಬಿಗಿಳಿಸಿ ಮುಗುಳ್ನಕ್ಕ.

"ಇದಲ್ಲ. ಇದ್ಯಾವುದೋ ಕಸ. ನನ್ನದು ಇನ್ನೂ ಕೆಳಗಿದೆ. ಇಳಿ."

ಇಲ್ಲದ್ದನ್ನು ಹುಡುಕಲು ಮೀನು ಮತ್ತೆ ಇಳಿದ. ಅದು ಕೆಳಗಿಲ್ಲ ಎಂದು ಮೂವರಿಗೂ ಗೊತ್ತಿತ್ತು. ಬಾಯಿ ಬಿಡುವ ಹಾಗಿರಲಿಲ್ಲ. ಬರಿಗೈಲಿ ಬಂದ. "ಇಳಿ." ಮತ್ತೆ ಬಂದ, ತುಟಿ ನೀಲಿಗಟ್ಟಿತ್ತು, ಹಲ್ಲು ಕಟಕಟಿಸುತ್ತಿತ್ತು.

"ಪಂಪಿನ ಬಾಯಿ ಹತ್ತಿರ ನೋಡಿದೆಯಾ?" ಕಾರ್ಯದರ್ಶಿ ಮೆಲ್ಲಗೆ ಕೇಳಿದ.

ಕೊಳದ ನೀರನ್ನು ಹೀರಿ ಇಡೀ ಮೈದಾನಕ್ಕೆ ಚಿಮ್ಮಿಸುವ ಕೊಳವೆ ಅದು. ಅದು ಓಡುತ್ತಿರುವಾಗ ಯಾರೂ ಆ ಕಡೆ ಸುಳಿಯುತ್ತಿರಲಿಲ್ಲ. ಆಮೆ, ಹಾವು, ಒಮ್ಮೆ ಒಂದು ನಾಯಿ ಅದರ ಜಾಲರಿಗೆ ಅಂಟಿಕೊಂಡು ಸತ್ತಿದ್ದವು.

"ಪಂಪ್ ನಿಲ್ಸಿ ಸಾರ್, ನೋಡ್ತಾರೆ" ಅಂದಳು ಅವಳು.

"ನಾಳೆ ಪಂದ್ಯ ಇದೆ ತಾಯಿ. ಹುಲ್ಲು ಬಾಡುತ್ತೆ."

ಹುಲ್ಲು ಬಾಡಬಾರದು. ಈ ಲೋಕದಲ್ಲಿ ಬಾಡಬಾರದ್ದು ಅದೊಂದೇ. ಮೀನು ಹೆಂಡತಿಯ ಕಡೆ ನೋಡದೆ ಮುಳುಗಿದ. ಪಾಸು ಉಳಿಯಬೇಕಲ್ಲ! ಹಗ್ಗ ಅವಳ ಅಂಗೈಯಿಂದ ಜಾರುತ್ತಾ ಪಂಪಿನ ಕಡೆಗೆ ಹೊರಟಿತು. ಮೊದಲು ನಿಧಾನವಾಗಿ, ಆಮೇಲೆ ಯಾರೋ ಕಿತ್ತುಕೊಳ್ಳುವ ಹಾಗೆ. ಅವಳು ಮೂರು ಸಲ ಜಗ್ಗಿದಳು. ಉತ್ತರ ಬರಲಿಲ್ಲ. ಮತ್ತೆ ಜಗ್ಗಿದಳು. ಹಗ್ಗ ಕಂಬಿಯ ಹಾಗೆ ಬಿಗಿದು ನಿಂತಿತು.

"ಸಾರ್, ನಿಮ್ಮ ಜೇಬಲ್ಲಿರೋದೇ ನಿಮ್ದು!" ಅವಳ ದನಿಯ ಗುರುತು ಅವಳಿಗೇ ಸಿಗಲಿಲ್ಲ. "ಅಳತೆಯಲ್ಲ ಅದು, ಆಟ! ನಿಮ್ಮ ಎಂಬತ್ತೆಂಟರ ಚಾಂಪಿಯನ್ನನ್ನ ಅಳಿಸಿದ್ದು ನಾವು. ಈಗ ಅದರಲ್ಲಿ ಆಡ್ತಿರೋ ಲೆವೆಲ್ ಮೂರು ನಮ್ಮತ್ತೆ! ಪಾಸು ಕಿತ್ಕೊಳ್ಳಿ, ಪೊಲೀಸರನ್ನ ಕರೀರಿ, ಪಂಪ್ ನಿಲ್ಸಿ!"

ಸದಸ್ಯನೊಬ್ಬ ಕಿಸಕ್ಕನೆ ನಕ್ಕ. "ಆಟವೇ? ಏನ್ರೀ ಕಾರ್ಯದರ್ಶಿಗಳೇ?" ಬಿಳಿ ಬೂಟುಗಳೆಲ್ಲ ಕುರ್ಚಿಯ ಕಡೆ ತಿರುಗಿದವು. ನೀರಿನ ಕಡೆ ಒಂದೂ ತಿರುಗಲಿಲ್ಲ. ಕಾರ್ಯದರ್ಶಿಯ ಮುಖ ಸುಟ್ಟ ಬದನೆಯಾಯಿತು. ಅವನ ಕೈ ಜೇಬನ್ನು ಮುಚ್ಚಿಕೊಂಡಿತೇ ಹೊರತು ಪಂಪಿನ ಮನೆಯತ್ತ ಬೆರಳು ಕೂಡ ಎತ್ತಲಿಲ್ಲ.

ಅವಳು ಹಗ್ಗವನ್ನು ಸೊಂಟಕ್ಕೆ ಸುತ್ತಿಕೊಂಡು ಹಿಂದಕ್ಕೆ ಹಿಂದಕ್ಕೆ ನಡೆದಳು. ಹಿಂದೆ ಇದ್ದದ್ದು ಚೆಂಡು ಬೀಳಿಸುವ ಗುಳಿಯ ಸುತ್ತಲಿನ ನುಣುಪು ಹುಲ್ಲು. ಬರಿಗಾಲಲ್ಲೂ ಅಲ್ಲಿ ಹೆಜ್ಜೆಯಿಡಲು ಅವರಿಗೆ ಅಪ್ಪಣೆಯಿರಲಿಲ್ಲ. ಹಿಮ್ಮಡಿ ಊರಿದಳು. ಹುಲ್ಲು ಚರ್ಮದ ಹಾಗೆ ಸುಲಿದು ಕಪ್ಪು ಮಣ್ಣು ಮೇಲೆದ್ದಿತು.

"ಏಯ್! ಅಲ್ಲಿ ಕಾಲಿಡಬೇಡ! ನಾಳೆ ಪಂದ್ಯ!" ಈಗ ಎಲ್ಲರೂ ಅರಚಿದರು. ಇಬ್ಬರು ಅವಳ ಕಡೆಗೆ ಓಡಿಬಂದರು.

ಅವಳು ಇನ್ನೊಂದು ಹೆಜ್ಜೆ ಹಿಂದಿಟ್ಟಳು. ಸೊಂಟ ಕತ್ತರಿಸಿದ ಹಾಗಾಯಿತು. ಮತ್ತೊಂದು. ನೀರಿನಡಿ ಏನೋ ಹರಿದ ಹಾಗೆ, ಕಿತ್ತು ಬಂದ ಹಾಗೆ, ಹಗ್ಗ ಒಮ್ಮೆಲೇ ಸಡಿಲವಾಗಿ ಅವಳು ಅಂಗಾತ ಬಿದ್ದಳು. ಬಿದ್ದಲ್ಲಿಂದಲೇ ಎರಡೂ ಕೈಯಲ್ಲಿ ಹಗ್ಗವನ್ನು ಎದೆಗೆ ಎಳೆದುಕೊಳ್ಳತೊಡಗಿದಳು. ಕೊನೆಯಲ್ಲಿ ಅವನಿದ್ದಾನೋ, ಬರೀ ತುಂಡಾದ ಹಗ್ಗವೋ ಗೊತ್ತಿರಲಿಲ್ಲ. ಯಾರೋ ಅವಳ ರಟ್ಟೆ ಹಿಡಿದರು. ಕೊಸರಿಕೊಂಡು ಎಳೆದಳು.

ಹಗ್ಗ ಜಗ್ಗಿತು. ಬಲವಿಲ್ಲದೆ, ಒಂದೇ ಸಲ.

"ಇದ್ದಾನೆ" ಅಂದಳು, ರಟ್ಟೆ ಹಿಡಿದವನ ಮುಖಕ್ಕೆ. "ಹಿಡಿದಿದ್ದೀಯಲ್ಲ, ನನ್ನನ್ನ ಬಿಟ್ಟು ಈ ಹಗ್ಗ ಹಿಡಿ."