ಭಾವ ಹಾಕಿದ ಪೈಪು

ಟೈಲರಮ್ಮನ ಗಂಡ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಕೈಯಲ್ಲೊಂದು ಸ್ಪ್ಯಾನರ್ ಇದ್ದರೆ ಯಾವ ಯಂತ್ರವೂ ತನ್ನ ಮಾತು ಮೀರುವುದಿಲ್ಲ ಎಂಬುದು ಅವನ ನಂಬಿಕೆ. ಆ ನಂಬಿಕೆಗೆ ಮನೆಯಲ್ಲಿ ಯಾರೂ ಅಡ್ಡ ಬಂದದ್ದಿಲ್ಲ. ಅವನು ಕೂರಿಸಿದ ಕಪಾಟಿನ ಬಾಗಿಲು ಮುಚ್ಚಬೇಕಾದರೆ ಮೊಣಕಾಲಿನಿಂದ ಒಮ್ಮೆ ಗುದ್ದಬೇಕು. ಎಲ್ಲರೂ ತುಟಿ ಪಿಟಕ್ಕೆನ್ನದೆ ಗುದ್ದುತ್ತಾರೆ. ಮನುಷ್ಯ ಒಳ್ಳೆಯವನು, ಜೋರು ದನಿಯಲ್ಲಿ ಗದರಿದವನಲ್ಲ. ಆದರೆ ಅವನ ಕೆಲಸದಲ್ಲಿ ಯಾರಾದರೂ ತಪ್ಪು ಹುಡುಕಿ ಹೆಸರಿಟ್ಟರೆ ಮುಖ ಇಷ್ಟು ಸಣ್ಣದಾಗಿಬಿಡುತ್ತದೆ. ಆ ಮುಖ ನೋಡಲಾರದೆ ಇಡೀ ಮನೆ ಬಾಯಿಗೆ ಬೀಗ ಹಾಕಿಕೊಂಡು ಬದುಕುತ್ತಿತ್ತು.

ಮನೆಯಲ್ಲಿ ಅಣ್ಣತಮ್ಮಂದಿರ ಎರಡು ಸಂಸಾರ, ಒಂದೇ ಅಡುಗೆಮನೆ, ಅದರಲ್ಲಿ ಒಂದೇ ಸಿಂಕು. ಮುಂದಿನ ಕೋಣೆ ಟೈಲರಮ್ಮನ ಅಂಗಡಿ. ಹತ್ತಿ ಬಟ್ಟೆ ಯಾರು ತಂದುಕೊಟ್ಟರೂ ಅವಳು ಮೊದಲು ಒಗೆದು ಒಣಗಿಸಿಯೇ ಕತ್ತರಿ ಹಾಕುವವಳು. ಹೊಲಿದ ಮೇಲೆ ಕುಗ್ಗಿತೆಂದು ಯಾರೂ ಬಂದು ಗೊಣಗಬಾರದು. ಹಾಗಾಗಿ ಅವಳ ವಾಷಿಂಗ್ ಮಷೀನ್ ಮಧ್ಯಾಹ್ನವೆಲ್ಲ ಹೊಸ ಬಟ್ಟೆಯ ಬಣ್ಣ ಕಕ್ಕುತ್ತಾ ತಿರುಗುತ್ತಲೇ ಇರುತ್ತದೆ. ಬಚ್ಚಲಿನಲ್ಲಿ ಜಾಗವಿಲ್ಲದೆ ಅದು ಅಡುಗೆಮನೆಯಲ್ಲೇ ನಿಂತಿದೆ, ಅದರ ನೀರು ಸಿಂಕಿನ ಪೈಪಿಗೇ ಹೋಗುತ್ತದೆ.

ಓರಗಿತ್ತಿ ಆಸ್ಪತ್ರೆಯಲ್ಲಿ ನರ್ಸ್. ದಿನವಿಡೀ ಔಷಧದ ನೀರಿನಲ್ಲಿ ಕೈ ತೊಳೆದು ತೊಳೆದು ಅಂಗೈ ಒಡೆದುಹೋಗಿತ್ತು. ಇನ್ನು ಪಾತ್ರೆ ತೊಳೆಯುವ ಸೋಪು ಮುಟ್ಟಲೇಬೇಡ ಎಂದು ಡಾಕ್ಟರು ಹೇಳಿದಾಗ, ಊರು ಬಿಡುತ್ತಿದ್ದ ಅವಳ ಜೊತೆಗಾತಿಯೊಬ್ಬಳು ತನ್ನ ಹಳೆಯ ಪಾತ್ರೆ ತೊಳೆಯುವ ಮಷೀನನ್ನು ಕೊಟ್ಟುಹೋದಳು. ಅದನ್ನು ಜೋಡಿಸುವ ಕೆಲಸವನ್ನು ಯಾರೂ ಕೇಳುವ ಮೊದಲೇ ಅವಳ ಭಾವ, ಅಂದರೆ ಟೈಲರಮ್ಮನ ಗಂಡ, ಮೈಮೇಲೆ ಹಾಕಿಕೊಂಡ. ವಾಷಿಂಗ್ ಮಷೀನಿನ ಪೈಪು ಸೇರುವ ಕಡೆ ಒಂದು ಕವಲು ತುಂಡು ಸಿಕ್ಕಿಸಿ, ಎರಡೂ ಪೈಪುಗಳನ್ನು ಅದಕ್ಕೇ ಬಿಗಿದ.

"ಎರಡಕ್ಕೆ ಎರಡು ದಾರಿ ಯಾಕೆ? ನೀರು ತಾನೇ, ಹೊಂದಿಕೊಂಡು ಹೋಗುತ್ತೆ," ಎಂದು ಎದ್ದು ಮಂಡಿ ಒರೆಸಿಕೊಂಡ. ಎಲ್ಲರೂ ತಲೆಯಾಡಿಸಿದರು.

ಅದಾದ ಸ್ವಲ್ಪ ದಿನಕ್ಕೆ ಟೈಲರಮ್ಮನ ಕಣ್ಣಿಗೊಂದು ಸಂಗತಿ ಬಿತ್ತು. ಮಷೀನಿನಿಂದ ತೆಗೆದ ಪಾತ್ರೆಗಳನ್ನು ಓರಗಿತ್ತಿ ಯಾರೂ ಇಲ್ಲದಾಗ ಸಿಂಕಿನಲ್ಲಿ ಮತ್ತೆ ತೊಳೆಯುತ್ತಿದ್ದಳು, ಅದೇ ಒಡೆದ ಕೈಯಲ್ಲಿ.

"ತೊಳೆದಿದ್ದನ್ನೇ ಯಾಕೆ ತೊಳೀತಿದೀಯ?"

"ಸುಮ್ನೆ ಅಕ್ಕ. ಅಭ್ಯಾಸ."

ಹೇಳುವಾಗ ಅವಳು ಮುಖ ಕೊಡಲಿಲ್ಲ. ನಮ್ಮ ಎಂಜಲು ಮುಟ್ಟಿದ್ದು ಇವಳಿಗೆ ಹೇಸಿಗೆಯಾಯಿತೇ ಎಂದು ಟೈಲರಮ್ಮನಿಗೆ ಚುರುಕ್ಕೆಂದಿತು. ಅದನ್ನೂ ಹೊಟ್ಟೆಗೆ ಹಾಕಿಕೊಂಡಳು. ಆದರೆ ಮರುವಾರ ಮೈದುನ ವರಾಂಡದಲ್ಲಿ ನಿಂತು ಫೋನಿನಲ್ಲಿ, "ರೂಮು ಸಣ್ಣದಾದ್ರೂ ಪರವಾಗಿಲ್ಲ, ಅಡುಗೆಮನೆ ಬೇರೆ ಇರ್ಬೇಕು," ಎಂದು ತಗ್ಗಿದ ದನಿಯಲ್ಲಿ ಹೇಳುವುದು ಕಿವಿಗೆ ಬಿತ್ತು.

ಮನೆ ಒಡೆಯಿತೆಂದು ಬೀದಿಯವರು ಆಡಿಕೊಂಡರೆ ಆಡಿಕೊಳ್ಳಲಿ, ಅದಲ್ಲ ಅವಳ ಸಂಕಟ. ಓರಗಿತ್ತಿಗೆ ಗಿಣಿ ಎಂಬ ಪುಟ್ಟ ಮಗಳು. ಅವಳು ಮಾತು ಕಲಿತದ್ದೇ ಹೊಲಿಗೆ ಮೇಜಿನ ಕೆಳಗೆ. ಅಮ್ಮ ಡ್ಯೂಟಿಗೆ ಹೋದರೆ ತುಂಡುಬಟ್ಟೆಯ ರಾಶಿಯ ಮೇಲೆ ಮಲಗಿ, ದೊಡ್ಡಮ್ಮನ ಕಾಲಿನ ಹೆಬ್ಬೆರಳು ಹಿಡಿದುಕೊಂಡು ನಿದ್ದೆಹೋಗುವ ಮಗು ಅದು. ಟೈಲರಮ್ಮನಿಗೆ ಮಕ್ಕಳಿಲ್ಲ. ಗಿಣಿಯಿಲ್ಲದ ಮಧ್ಯಾಹ್ನ ಹೇಗಿರುತ್ತದೆಂದು ಯೋಚಿಸಲೂ ಅವಳಿಗೆ ಭಯವಾಯಿತು. ಬಾಯಿಬಿಟ್ಟು ಕೇಳಿಬಿಡೋಣವೆಂದರೆ, ಕೇಳಿದರೆ ಹೌದು ಎಂದುಬಿಟ್ಟಾರು. ಹಾಗಾಗಿ ಕೇಳಲಿಲ್ಲ. ಕೇಳದೆ, ನಿದ್ದೆಯಿಲ್ಲದೆ, ಯಾರದೋ ಅಂಗಿಗೆ ಎರಡೂ ಎಡಗೈ ತೋಳು ಹೊಲಿದಿಟ್ಟಳು.

ಒಂದು ಮಧ್ಯಾಹ್ನ ಓರಗಿತ್ತಿ ಪಾತ್ರೆಗಳನ್ನು ಮಷೀನಿಗೆ ತುಂಬಿ, ಗುಂಡಿ ಒತ್ತಿ ಡ್ಯೂಟಿಗೆ ಹೋಗಿದ್ದಳು. ಟೈಲರಮ್ಮ ಪಕ್ಕದಲ್ಲೇ ಕಡುನೀಲಿ ಬಟ್ಟೆ ಒಗೆಯಲು ಹಾಕಿದಳು. ಎರಡೂ ನಿಂತ ಮೇಲೆ ಗಿಣಿ ಹಾಲು ಕೇಳಿತು. ಅದರ ಬಿಳಿ ಲೋಟ ತೆಗೆದು ನೋಡಿದರೆ ತಳದಲ್ಲಿ ತೆಳುವಾದ ನೀಲಿ ಗೆರೆ. ಮೂಸಿದಳು. ಪಾತ್ರೆಯ ಪುಡಿಯ ವಾಸನೆಯಲ್ಲ, ಬಟ್ಟೆ ಸೋಪಿನದು.

ಬಣ್ಣದ ವಿಷಯದಲ್ಲಿ ಅವಳಿಗೆ ಯಾರೂ ಪಾಠ ಹೇಳಬೇಕಿಲ್ಲ. ಮಗುವಿಗೆ ಬೇರೆ ಲೋಟದಲ್ಲಿ ಹಾಲು ಕೊಟ್ಟು ಕೂರಿಸಿ, ಅದೇ ನೀಲಿ ಬಟ್ಟೆಯನ್ನು ಇನ್ನೊಂದು ಸಲ ಒಗೆಯಲು ಬಿಟ್ಟಳು. ಪಾತ್ರೆ ಮಷೀನಿನ ಬಾಗಿಲು ತೆರೆದು ಎದುರಿಗೆ ಕುಕ್ಕರುಗಾಲಲ್ಲಿ ಕೂತಳು. ಬಟ್ಟೆ ಮಷೀನು ಗುರ್ರೆಂದು ನೀರು ಹೊರಗೆ ತಳ್ಳಿದ್ದೇ ತಡ, ಪಾತ್ರೆ ಮಷೀನಿನ ತಳದ ತೂತಿನಿಂದ ನೀಲಿ ನೀರು ಬುಳುಬುಳು ಮೇಲೆದ್ದು ಬಂತು. ಜಿಡ್ಡು ಕಟ್ಟಿ ಕಿರಿದಾದ ಸಿಂಕಿನ ಪೈಪಿಗೆ ಅಷ್ಟು ನೀರು ನುಂಗಲಾಗುತ್ತಿರಲಿಲ್ಲ. ಉಳಿದದ್ದು ಕವಲಿನಲ್ಲಿ ತಿರುಗಿ, ನೆಲದ ಮೇಲೆ ಬಿದ್ದಿದ್ದ ಪಾತ್ರೆ ಮಷೀನಿನ ಪೈಪಿನಲ್ಲಿ ಸಲೀಸಾಗಿ ಪಕ್ಕದ ಮನೆಗೆ ಹೋದಂತೆ ಹೋಗುತ್ತಿತ್ತು.

"ದೊಡ್ಡಮ್ಮ, ಶಾಯಿ," ಎಂದಿತು ಗಿಣಿ.

ಟೈಲರಮ್ಮನಿಗೆ ಮೊದಲು ಬಂದದ್ದು ನಾಚಿಕೆ. ಇಷ್ಟು ದಿನ ಹೇಸಿಗೆ ಪಟ್ಟುಕೊಂಡಳೆಂದು ಯಾರನ್ನು ಮನಸ್ಸಿನಲ್ಲೇ ಬೈದಿದ್ದಳೋ, ಅವಳು ಹೇಸಿಗೆಯನ್ನೇ ತೊಳೆಯುತ್ತಿದ್ದಳು. ಮಗುವನ್ನು ಸೊಂಟಕ್ಕೇರಿಸಿಕೊಂಡು ಬೀದಿ ಕೊನೆಯ ಹಾರ್ಡ್‌ವೇರ್ ಅಂಗಡಿಗೆ ನಡೆದಳು. ಅಂಗಡಿಯವನು ಕೇಳಿ, "ಸಿಂಕಿನ ಕೆಳಗೆ ಬಾಗಿದ ಪೈಪಿಗೆ ಮೇಲ್ಗಡೆ ಇನ್ನೊಂದು ಬಾಯಿ ಇರುತ್ತೆ ನೋಡಿ, ಮುಚ್ಚಳ ಹಾಕಿರ್ತಾರೆ. ಒಂದೊಂದು ಮಷೀನಿಗೆ ಒಂದೊಂದು ಬಾಯಿ ಕೊಡಿ. ಪೈಪು ಅಡುಗೆ ಕಟ್ಟೆ ಕಲ್ಲಿನ ಅಡಿತನಕ ಎತ್ತಿ ಕಟ್ಟಿ, ಆಮೇಲೆ ಇಳಿಸಿ. ಎತ್ತಿ ಕಟ್ಟಿದ್ರೆ ನೀರು ಹಿಂದೆ ಬರಲ್ಲ," ಎಂದು ಎರಡು ಕ್ಲಿಪ್ಪು ಕೊಟ್ಟ.

ಓರಗಿತ್ತಿ ಡ್ಯೂಟಿ ಮುಗಿಸಿ ಬಂದಾಗ ಸಿಂಕಿನ ಕೆಳಗಿನಿಂದ ಎರಡು ಕಾಲು ಮಾತ್ರ ಹೊರಗೆ ಕಾಣುತ್ತಿದ್ದವು. ಪೈಪಿನ ಜಿಡ್ಡೆಲ್ಲ ಬಕೆಟ್ಟಿನಲ್ಲಿತ್ತು.

"ಅಕ್ಕ, ಏನು ಮಾಡ್ತಿದೀರ?"

"ಟಾರ್ಚ್ ಹಿಡಿ ಮೊದಲು. ಆ ಮುಚ್ಚಳ ಜಪ್ಪಯ್ಯ ಅಂದ್ರೂ ಬರ್ತಿಲ್ಲ."

ಅವಳು ಬ್ಯಾಗು ಅಲ್ಲೇ ಇಳಿಸಿ ಟಾರ್ಚು ಹಿಡಿದಳು. ಮುಚ್ಚಳ ಬಂತು. ಕವಲು ತುಂಡು ಕಳಚಿ ಬಕೆಟ್ಟಿಗೆ ಬಿತ್ತು. ಎರಡನೆಯ ಪೈಪನ್ನು ಹೊಸ ಬಾಯಿಗೆ ಬಿಗಿಯುತ್ತಾ ಟೈಲರಮ್ಮ ಒಳಗಿನಿಂದಲೇ ಕೇಳಿದಳು. ಮುಖ ಕಾಣದಿದ್ದುದರಿಂದ ಕೇಳುವ ಧೈರ್ಯ ಬಂತು.

"ನೀಲಿ ನೀರು ಬರ್ತಿದೆ ಅಂತ ನನಗೆ ಯಾಕೆ ಹೇಳಲಿಲ್ಲ?"

"ನಿಮಗೆ ಹೇಳಿದ್ರೆ ನೀವು ಬಟ್ಟೆ ಒಗೆಯೋದೇ ನಿಲ್ಲಿಸ್ತಿದ್ರಿ. ಅದು ನಿಮ್ಮ ಕೆಲಸ."

"ನಿಮ್ಮ ಭಾವನಿಗೆ ಹೇಳಬಹುದಿತ್ತು."

"ಭಾವನ ಕೆಲಸಕ್ಕೆ ಹೆಸರಿಡೋಕಾಗುತ್ತಾ ಅಕ್ಕ? ಅವರು ಅಷ್ಟು ಪ್ರೀತಿಯಿಂದ ಹಾಕಿಕೊಟ್ಟಿದ್ದು."

"ಅದಕ್ಕೆ ಬೇರೆ ಮನೆ ನೋಡ್ತಿದೀರಾ?"

"ಮಗು ಬಾಯಿಗೆ ಬಣ್ಣ ಹೋಗ್ತಿತ್ತು. ನನ್ನ ಕೈ ಹೀಗಾಗಿತ್ತು. ಭಾವನಿಗೆ ಹೇಳೋದಕ್ಕಿಂತ ಮನೆ ಬಿಡೋದೇ ಸುಲಭ ಅನ್ನಿಸ್ತು."

ಟೈಲರಮ್ಮನಿಗೆ ನಗುವೂ ಬಂತು, ಅಳುವೂ ಬಂತು. ಎರಡರಲ್ಲಿ ಯಾವುದಕ್ಕೂ ಆ ಜಾಗದಲ್ಲಿ ಆಸ್ಪದವಿರಲಿಲ್ಲ. "ಆ ಕ್ಲಿಪ್ಪು ಕೊಡು," ಎಂದಳು.

ಇಬ್ಬರೂ ಪೈಪುಗಳನ್ನು ಕಲ್ಲಿನ ಅಡಿಗೆ ಎತ್ತಿ ಕಟ್ಟಿದರು. ನೀಲಿ ಬಟ್ಟೆ ಮತ್ತೊಮ್ಮೆ ತಿರುಗಿತು. ಪಾತ್ರೆ ಮಷೀನಿನ ತಳಕ್ಕೆ ಒಂದು ಹನಿಯೂ ಬರಲಿಲ್ಲ. ಆದರೂ ಓರಗಿತ್ತಿ ಬೇರೆ ಮನೆಯ ಮಾತೆತ್ತಲಿಲ್ಲ. ಟೈಲರಮ್ಮನೂ ಎತ್ತಲಿಲ್ಲ. ಮುಂಗಡ ಕೊಟ್ಟಾಗಿದೆಯೋ ಏನೋ, ಪೈಪು ಸರಿಹೋದ ಮಾತ್ರಕ್ಕೆ ಮನಸ್ಸು ತಿರುಗಬೇಕೆಂದೇನಿದೆ ಎಂದು ಒಳಗೊಳಗೇ ಬೇಯುತ್ತಿದ್ದಳು.

ಸಂಜೆ ಅಣ್ಣತಮ್ಮ ಇಬ್ಬರೂ ಬಂದರು. ಮೆಕ್ಯಾನಿಕ್ ಕೈ ತೊಳೆಯಲು ಸಿಂಕಿಗೆ ಬಂದವನು ಬಗ್ಗಿ ನೋಡಿ ಅಲ್ಲೇ ನಿಂತ.

"ಇದನ್ನ ಯಾರು ಮುಟ್ಟಿದ್ದು?"

ಎಂದಿನಂತೆ ತಪ್ಪನ್ನು ತನ್ನ ತಲೆಗೆ ಕಟ್ಟಿಕೊಳ್ಳಲು ಟೈಲರಮ್ಮ ಬಾಯಿ ತೆರೆದಳು. ಅಷ್ಟರಲ್ಲಿ ಓರಗಿತ್ತಿಯ ದನಿ ಬಂತು.

"ನಾವೇ ಭಾವ. ನೀವು ಹಾಕಿದ್ದು ತಪ್ಪಿತ್ತು."

ಬಾಗಿಲಲ್ಲಿ ನಿಂತಿದ್ದ ಮೈದುನ ಹೆಂಡತಿಯನ್ನೇ ಪಿಳಿಪಿಳಿ ನೋಡಿದ. ಮೆಕ್ಯಾನಿಕ್ಕನ ಮುಖ ಆಗಲೇ ಸಣ್ಣದಾಗತೊಡಗಿತ್ತು. ಆದರೆ ಅವಳು ನಿಲ್ಲಿಸಲಿಲ್ಲ. ಅವನ ಪಕ್ಕದಲ್ಲಿ ಮಂಡಿಯೂರಿ ಕೂತು, ಕವಲಿನಲ್ಲಿ ನೀರು ಹೇಗೆ ತಿರುಗುತ್ತಿತ್ತು, ಗಿಣಿಯ ಲೋಟಕ್ಕೆ ಹೇಗೆ ಬರುತ್ತಿತ್ತು ಎಂದು ಬೆರಳು ಮಾಡಿ ತೋರಿಸಿದಳು. ಅವನು ಆ ಒಡೆದ ಬೆರಳನ್ನೇ ನೋಡುತ್ತಾ ಕೇಳಿಸಿಕೊಂಡ.

"ಮೊದಲೇ ಹೇಳೋದಲ್ವೇನಮ್ಮ," ಎಂದ ಕೊನೆಗೆ. ದನಿ ಮೆತ್ತಗಿತ್ತು. ಆಮೇಲೆ, "ಈ ಕ್ಲಿಪ್ಪು ಯಾಕೋ ಸಡಿಲ ಕಾಣುತ್ತೆ. ಸ್ಪ್ಯಾನರ್ ತರ್ತೀನಿ ಇರು," ಎಂದು ಹೊರಟ.

"ಬೇಡ ಭಾವ. ನೀವು ಮುಟ್ಟಲೇಬೇಡಿ. ನಿಮ್ಮ ಕೈಗೆ ಸಿಕ್ಕಿದ್ರೆ ಮತ್ತೆ ನಾನೇ ಬಿಚ್ಚಬೇಕಾಗುತ್ತೆ."

ಮದುವೆಯಾಗಿ ಬಂದಾಗಿನಿಂದ ಈ ಹುಡುಗಿ ಭಾವನೆದುರು ಕುರ್ಚಿ ಎಳೆದು ಕೂತದ್ದೂ ಇಲ್ಲ. ನಾಳೆ ಗಂಟುಮೂಟೆ ಕಟ್ಟುವವರು ನಯವಾಗಿ ಮಾತಾಡಿ, ನಗುತ್ತಾ ಹೋಗಿಬಿಡುತ್ತಾರೆ. ಇಷ್ಟು ಜೋರು ಮಾಡುವುದು ಇಲ್ಲೇ ಇರುವವರು ಮಾತ್ರ. ಅದು ಹೊಳೆದದ್ದೇ ಟೈಲರಮ್ಮನ ಎದೆಯ ಭಾರ ಇಳಿದುಹೋಯಿತು. ಸ್ಪ್ಯಾನರ್ ತರಲು ಹೊರಟಿದ್ದ ಗಂಡ ಬೈಸಿಕೊಂಡ ಮಗುವಿನ ಹಾಗೆ ಅಲ್ಲೇ ನಿಂತುಬಿಟ್ಟ.

ಮೈದುನ ಜೇಬಿನಿಂದ ಫೋನು ತೆಗೆದು, "ಆ ಬಾಡಿಗೆ ಮನೆಯವರಿಗೆ ಏನು ಹೇಳ್ಲಿ?" ಎಂದು ಹೆಂಡತಿಯನ್ನು ಕೇಳಿದ.

ಅವಳು ಸಿಂಕಿನ ಕೆಳಗಿನಿಂದ ತಲೆಯೆತ್ತದೆ, "ಅಕ್ಕನ್ನ ಕೇಳಿ," ಎಂದಳು.